ಟೋಪಿ ತೆಗೆದು ನಿಂತವರು

ಇನ್ನೂ ಬೆಳಕು ಹರಿದಿಲ್ಲ. ಡೋನಾ ಜುಲ್ಮಿರಾ ಗೇಟಿನ ಬೀಗ ತೆಗೆಯುತ್ತಾರೆ, ನನ್ನನ್ನು ಒಳಗೆ ಬಿಟ್ಟುಕೊಂಡು ಮತ್ತೆ ಬೀಗ ಹಾಕುತ್ತಾರೆ. ಬೀಗದ ಕೈ ಅವರ ಏಪ್ರನ್ನಿನ ಜೇಬಿಗೆ ಹೋಗುತ್ತದೆ. ಹೀಗೊಬ್ಬ ನಿಮ್ಮಲ್ಲಿ ಕೆಲಸ ಮಾಡುವುದು ನಿಜವೇ, ನೋಡಲು ಹೇಗಿದ್ದಾನೆ ಎಂದು ಅವರು ನಿನ್ನೆ ಸಂಜೆಯೇ ನಮ್ಮ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದ್ದರಂತೆ. ಈಗ ನನ್ನ ಗುರುತಿನ ಚೀಟಿಯನ್ನು ಬಲ್ಬಿನ ಕೆಳಗೆ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. "ಫೋಟೋದಲ್ಲಿ ಕೂದಲು ಜಾಸ್ತಿ ಇದೆ," ಎನ್ನುತ್ತಾರೆ. ನಗುವುದಿಲ್ಲ.

ಮನೆಯ ಹಿಂದೆ ಬಟ್ಟೆ ಒಗೆಯುವ ಕಟ್ಟೆ, ಅದರ ಪಕ್ಕ ತಗಡಿನ ಮಾಡಿನ ಕೆಳಗೆ ಅವರ ಕೆಲಸದ ಮೇಜು. ಸುತ್ತ ಹಗ್ಗ ಕಟ್ಟಿ ಒದ್ದೆ ಟವೆಲುಗಳನ್ನು ಇಳಿಬಿಟ್ಟಿದ್ದಾರೆ. ಆಗಸ್ಟ್ ತಿಂಗಳು, ಬ್ರಸೀಲಿಯಾ ಮಳೆಯ ಮುಖ ಕಂಡು ಎಷ್ಟೋ ಕಾಲವಾಗಿದೆ. ಬಿಸಿಲೇರಿದರೆ ತುಟಿ ಒಡೆಯುವ ಒಣಗಾಳಿ. ಹಳೆಯ ಫಿಲ್ಮು ಆ ಗಾಳಿಗೆ ಹಪ್ಪಳದಂತಾಗಿ ಮುಟ್ಟಿದರೆ ಚಟ್ ಎನ್ನುತ್ತದೆ. ಅದಕ್ಕೇ ಕೆಲಸವೆಲ್ಲ ಮುಂಜಾವಿನಲ್ಲಿ, ಗಾಳಿಯಲ್ಲಿ ಒಂದಿಷ್ಟು ತೇವ ಉಳಿದಿರುವಾಗಲೇ ಮುಗಿಯಬೇಕು.

ಈ ಊರಿನ ಫಿಲ್ಮ್ ಕ್ಲಬ್ಬುಗಳು, ಚರ್ಚಿನ ಸಭಾಂಗಣಗಳು, ಇನ್ನೂ ಉಸಿರಾಡುತ್ತಿರುವ ಒಂದೆರಡು ಚಿತ್ರಮಂದಿರಗಳು, ಯಾರ ರೀಲು ಹರಿದರೂ ಕೊನೆಗೆ ಬರುವುದು ಈ ಮೇಜಿಗೆ. ಅವರು ಹರಿದ ಎರಡು ತುದಿಗಳನ್ನು ಬ್ಲೇಡಿನಿಂದ ಹೆರೆಯುತ್ತಾರೆ, ಸಣ್ಣ ಕುಂಚದಲ್ಲಿ ಅಂಟು ಸವರುತ್ತಾರೆ, ಒಂದರ ಮೇಲೊಂದಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ತುಟಿ ಅಲ್ಲಾಡುತ್ತಿರುತ್ತದೆ. ಯಾರನ್ನು ಬೈಯುತ್ತಿದ್ದೀರಿ ಎಂದು ಕೇಳಿದೆ. "ಅವೆ ಮರಿಯಾ ಪ್ರಾರ್ಥನೆ ಹೇಳ್ತಿದೀನಿ. ಅಂಟು ಹಿಡಿಯೋಕೆ ಒಂದು ಅವೆ ಮರಿಯಾ ಬೇಕು. ಅವಸರದಲ್ಲಿ ಹೇಳಿದ್ರೆ ಬಿಟ್ಕೊಳ್ಳತ್ತೆ." ಚಿತ್ರ ಮುಗಿದ ಮೇಲೆ ಪರದೆಯ ಮೇಲೆ ಎಲ್ಲರ ಹೆಸರೂ ಏರುತ್ತದೆ. ಇವರ ಹೆಸರು ಎಂದೂ ಏರಿದ್ದಿಲ್ಲ.

ಮೇಜಿನ ಕೆಳಗೆ ದುಂಡನೆಯ ಡಬ್ಬಿಗಳ ಸಾಲು. ಸೀಬೆಹಣ್ಣಿನ ಹಲ್ವ ಬರುತ್ತದಲ್ಲ, ಆ ಡಬ್ಬಿಗಳು. ಒಂದರ ಮುಚ್ಚಳ ಎತ್ತಿ ಮೂಸುತ್ತಾರೆ. ಹುಳಿ ವಾಸನೆ ನನ್ನ ಮೂಗಿಗೂ ಬಡಿಯುತ್ತದೆ. ಕೊಳೆಯತೊಡಗಿದ ಫಿಲ್ಮು ವಿನಿಗರ್ ವಾಸನೆ ಹೊಡೆಯುತ್ತದೆ. ನಾನು ಬಗ್ಗಿ ನೋಡಲು ಹೋದರೆ ಮುಚ್ಚಳ ತಟ್ಟನೆ ಕೆಳಗಿಳಿಯುತ್ತದೆ.

"ಅದನ್ನ ಆಮೇಲೆ ನೋಡುವೆಯಂತೆ, ಮಗನೇ. ಮೊದಲು ನಿನ್ನನ್ನ ನಾನು ನೋಡಬೇಕು."

ಅವರ ಅನುಮಾನಕ್ಕೆ ನಾನು ಬೇಸರ ಪಡುವಂತಿಲ್ಲ. ನಾನು ಬಂದದ್ದೂ ಅನುಮಾನದಿಂದಲೇ. ಈ ಅಂಕಣ ಬರೆದು ಬರೆದು ನನಗೆ ಒಂದು ಕೆಟ್ಟ ಗುಣ ಅಂಟಿದೆ. ಎಲೆಮರೆಯ ಕಾಯಿ ಎಂದು ಯಾರಾದರೂ ತೋರಿಸಿದರೆ, ಮರೆಯಲ್ಲಿ ಯಾಕೆ ಕೂತಿದೆ ಎಂದು ಮೊದಲು ಕೇಳುತ್ತೇನೆ. ಇವರ ಬೀದಿಯ ಕ್ಷೌರಿಕ ಲಿಂಡೊಲ್ಫೊ ನನ್ನ ಕೆನ್ನೆಗೆ ನೊರೆ ಹಚ್ಚುತ್ತ ಹೇಳಿದ್ದು ಇಷ್ಟು: ಈ ಹೆಂಗಸು ಊರು ಕಟ್ಟಿದ ಕಾಲದ ಫಿಲ್ಮು ಕದ್ದಿಟ್ಟುಕೊಂಡಿದ್ದಾಳೆ, ಪರದೇಶದವರಿಗೆ ಮಾರುತ್ತಾಳೆ, ಒಮ್ಮೆ ದೊಡ್ಡ ಕಾರು ಬಂದು ನಿಂತಿತ್ತು, ಹೋಗುವಾಗ ಅವರ ಕೈಯಲ್ಲಿ ಒಂದು ಗಂಟು ಇತ್ತು. ಕ್ಷೌರಿಕರ ಮಾತನ್ನು ಪೂರ್ತಿ ನಂಬಬಾರದು. ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಕಾರಿನ ವಿಷಯ ಕೇಳಿದಾಗ ಡೋನಾ ಜುಲ್ಮಿರಾ ಅಡಗಿಸಲಿಲ್ಲ. ಬಂದದ್ದು ನಿಜ. ಫಿಲ್ಮಿನ ತುಂಡುಗಳು ಬೇಕೆಂದು ಕೇಳಿದ್ದೂ ನಿಜ. ಇದರಲ್ಲಿ ನಿಮ್ಮ ಅಪ್ಪ ಯಾರು ಎಂದು ಇವರು ಕೇಳಿದರಂತೆ. ಕಾರಿನವರು ನಕ್ಕರಂತೆ, ಇವರು ಒಂದು ತುಂಡನ್ನೂ ಕೊಡಲಿಲ್ಲವಂತೆ. ಗಂಟಿನಲ್ಲಿ ಇದ್ದದ್ದು ಸೀಬೆ ಹಲ್ವ, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಕೊಟ್ಟದ್ದು ಎನ್ನುತ್ತಾರೆ. ಇದಕ್ಕೆ ಸಾಕ್ಷಿ ಅವರ ಬಾಯಿ ಒಂದೇ. ಬರೆದುಕೊಂಡೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿಕೊಂಡೆ.

ಬಟ್ಟಬಯಲಿನಲ್ಲಿ ದೇಶದ ಹೊಸ ರಾಜಧಾನಿಯಾಗಿ ಈ ಊರು ಕಟ್ಟಿದ ಕಾಲದ ಚಿತ್ರಗಳು ನಮಗೆಲ್ಲ ಬಾಯಿಪಾಠ. ಪ್ರತಿ ಏಪ್ರಿಲ್‌ನಲ್ಲಿ, ಊರಿನ ಹುಟ್ಟುಹಬ್ಬಕ್ಕೆ, ಟೀವಿಯಲ್ಲಿ ಅವೇ ಬರುತ್ತವೆ. ಕೆಂಪು ಧೂಳು, ಸಾಲು ಲಾರಿಗಳು, ಆಕಾಶಕ್ಕೆ ಏಳುವ ಕಬ್ಬಿಣ, ಕಹಳೆಯ ಸಂಗೀತ, ಗಂಭೀರ ದನಿಯಲ್ಲಿ ಒಬ್ಬನ ಮಾತು. ದೊಡ್ಡವರ ಮುಖ ಕಾಣುತ್ತದೆ. ಕೆಲಸಗಾರರದು ಬೆನ್ನು ಮಾತ್ರ. ಏಣಿ ಹತ್ತುವ ಬೆನ್ನು, ಸಿಮೆಂಟ್ ತಳ್ಳುವ ಬೆನ್ನು. ತಗುವಾಟಿಂಗಾದ ನಮ್ಮ ಮನೆಯಲ್ಲಿ ಅಪ್ಪ ಎಲ್ಪೀಡಿಯೊ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಒಂದು ಬೆನ್ನನ್ನು ತೋರಿಸಿ "ಅದು ನಾನು" ಎನ್ನುತ್ತಿದ್ದ. ಮರುವರ್ಷ ಬೇರೊಂದು ಬೆನ್ನು ತೋರಿಸುತ್ತಿದ್ದ. ಅಮ್ಮ ಬಟಾಣಿ ಸುಲಿಯುತ್ತ, ಈ ವರ್ಷ ದಪ್ಪ ಆಗಿದ್ದೀಯ ಎನ್ನುತ್ತಿದ್ದಳು. ಅಪ್ಪ ಆ ಕೆಲಸದಲ್ಲಿ ಇದ್ದನೋ ಇಲ್ಲವೋ ಎಂಬ ಅನುಮಾನ ನನಗೆ ಹುಟ್ಟಿದ್ದು ಅಲ್ಲೇ. ಅದು ನನ್ನ ಜೊತೆಯಲ್ಲೇ ಬೆಳೆಯಿತು.

ಕೆಲಸಗಾರರ ಮುಖ ಯಾಕಿಲ್ಲ? ಡೋನಾ ಜುಲ್ಮಿರಾ ಇದಕ್ಕೆ ಕೊಡುವ ಉತ್ತರವನ್ನು ನಾನು ಬೇರೆಲ್ಲೂ ಕೇಳಿದ್ದಿಲ್ಲ.

ಆಗ ಅವರಿಗೆ ಹದಿನೈದು ವರ್ಷ. ಸಿಯಾರಾದಿಂದ ಅಣ್ಣನ ಜೊತೆ ಲಾರಿಯ ಹಿಂದೆ ಕೂತು ಬಂದವರು. ಈಗ ನಾವು ಕೂತು ಮಾತಾಡುತ್ತಿರುವ ಈ ಬಂಡೆರಾಂತೆ ಬಡಾವಣೆ ಆಗ ಪೂರ್ತಿ ಹಲಗೆ ಮನೆಗಳ ಪೇಟೆ. ಅಲ್ಲೊಂದು ಶೆಡ್ಡಿನಲ್ಲಿ ಊರು ಕಟ್ಟುವುದನ್ನು ಚಿತ್ರ ಮಾಡುವ ಕಂಪನಿಯವರಿದ್ದರು. ಆ ಕಂಪನಿ ಈಗಿಲ್ಲ. ಇವರದು ಕಸ ಗುಡಿಸಿ ಕಾಫಿ ಕಾಯಿಸುವ ಕೆಲಸ. ಭಾನುವಾರ ಪೇಟೆಯ ಬೀದಿಯಲ್ಲಿ ಪೆಟ್ಟಿಗೆ ಕ್ಯಾಮೆರಾದವರು ಸಾಲಾಗಿ ನಿಲ್ಲುತ್ತಿದ್ದರು. ಊರು ಕಟ್ಟಲು ಬಂದ ಕೂಲಿಯವರು, ಕಂದಾಂಗೊಗಳೆಲ್ಲ, ಅವರ ಮುಂದೆ ಸರದಿ ನಿಲ್ಲುವರು. ಅದಕ್ಕೊಂದು ಕ್ರಮವಿತ್ತು. ಟೋಪಿ ತೆಗೆಯಬೇಕು, ಕೊರಳಿನ ಗುಂಡಿ ಹಾಕಬೇಕು, ಉಸಿರು ಕಟ್ಟಿ ಪೆಟ್ಟಿಗೆಯ ಕಣ್ಣನ್ನೇ ನೋಡಬೇಕು, ಆಯಿತು ಎನ್ನುವ ತನಕ ಮಿಸುಕಬಾರದು. ಆ ಫೋಟೋ ಕಾಗದದ ಜೊತೆ ಊರಿಗೆ ಹೋಗುತ್ತಿತ್ತು. ಬದುಕಿದ್ದೇನೆ ಎನ್ನುವುದಕ್ಕೆ ಬೇರೆ ಪುರಾವೆ ಇರಲಿಲ್ಲ.

ಸಿನಿಮಾ ಕ್ಯಾಮೆರಾ ಎದುರಿಗೆ ಬಂದಾಗಲೂ ಅವರಿಗೆ ಗೊತ್ತಿದ್ದದ್ದು ಆ ಕ್ರಮ ಒಂದೇ.

"ಕಬ್ಬಿಣ ಹೊತ್ತೋನು ಕಬ್ಬಿಣ ಇಳಿಸಿ ನಿಲ್ಲೋನು. ಒಬ್ಬ ಏಣಿ ಮೇಲೇ ಟೋಪಿ ತೆಗೆದಿದಾನೆ, ಒಂದು ಕೈಯಲ್ಲಿ ಏಣಿ ಹಿಡ್ಕೊಂಡು. ಚಿತ್ರದವರಿಗೆ ಬೇಕಾಗಿದ್ದು ಓಡಾಡಿ ಕೆಲಸ ಮಾಡೋರು. ಇವರು ಮದುವೆ ಫೋಟೋಗೆ ನಿಂತ ಹಾಗೆ ನಿಂತುಬಿಡೋರು. 'ಅಲ್ಲಾಡ್ರಯ್ಯಾ, ಅಲ್ಲಾಡಿ' ಅಂತ ಕೂಗಿ ಕೂಗಿ ಅವರ ಗಂಟಲು ಹರೀತಿತ್ತು. ಇವರು ಮಿಸುಕ್ತಿರಲಿಲ್ಲ. ಅಲ್ಲಾಡಿದ್ರೆ ಫೋಟೋ ಕೆಡತ್ತೆ ಅಂತ."

ಹೀಗೆ ನಿಂತವರನ್ನೆಲ್ಲ ಶೆಡ್ಡಿನಲ್ಲಿ ಕತ್ತರಿ ಹಿಡಿದು ಕೂತವನು ಕೆಟ್ಟ ತುಂಡೆಂದು ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದ. ಮುಖ ತೋರಿಸಿದ್ದೇ ಇವರ ತಪ್ಪು. ಬೆನ್ನು ಹಾಕಿ ಕೆಲಸದಲ್ಲಿದ್ದವರು ಚಿತ್ರದಲ್ಲಿ ಉಳಿದರು.

ಈ ಮಾತು ಇಲ್ಲಿಗೇ ನಿಂತಿದ್ದರೆ ನಾನು ಒಳ್ಳೆಯ ಕಥೆ ಎಂದುಕೊಂಡು ಎದ್ದು ಬರುತ್ತಿದ್ದೆ. ಅವರು ಮುಂದುವರಿಸಿದರು. ಮರುವಾರ ಆ ಜನ ಶೆಡ್ಡಿನ ಬಾಗಿಲಿಗೆ ಬರುತ್ತಿದ್ದರಂತೆ, ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ. ಮೊನ್ನೆ ನಿಮ್ಮವರು ನನ್ನ ಫೋಟೋ ತೆಗೆದರು, ಎಲ್ಲಿ ಕೊಡುತ್ತೀರಿ ಎಂದು ಕೇಳುತ್ತಿದ್ದರಂತೆ. ಒಳಗಿದ್ದವರು ನಗುತ್ತಿದ್ದರು. ಹೊರಗೆ ಹೋಗಿ ಉತ್ತರ ಹೇಳಬೇಕಾದದ್ದು ಪೊರಕೆ ಹಿಡಿದ ಈ ಹುಡುಗಿ. ಏನು ಹೇಳಬೇಕೆಂದು ಒಳಗಿನವರೇ ಹೇಳಿಕೊಟ್ಟಿದ್ದರು: ಮುಂದಿನ ವಾರ ಬನ್ನಿ.

"ಎಷ್ಟು ಜನಕ್ಕೆ ಹೇಳಿದೀನೋ ಆ ದೇವರಿಗೇ ಗೊತ್ತು. ಅವರು ನಂಬ್ಕೊಂಡು ಹೋಗೋರು."

ಊರಿನ ಉದ್ಘಾಟನೆ ಮುಗಿದ ಮೇಲೆ ಕಂಪನಿ ಗಂಟುಮೂಟೆ ಕಟ್ಟಿತು. ಬುಟ್ಟಿಯ ತುಂಡುಗಳನ್ನು ಡ್ರಮ್ಮಿನಲ್ಲಿ ಹಾಕಿ ಸುಟ್ಟುಬಿಡು ಎಂದು ಇವರಿಗೆ ಹೇಳಿ ಹೋದರು. ಇವರು ಡ್ರಮ್ಮಿನಲ್ಲಿ ಹಳೆಯ ಕಾಗದ ಸುಟ್ಟರು. ತುಂಡುಗಳನ್ನು ಡಬ್ಬಿಗೆ ತುಂಬಿಕೊಂಡರು. ಮುಂದೆ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದದ್ದು, ಮದುವೆ, ಗಂಡನ ಸಾವು, ಹೊಟ್ಟೆಪಾಡಿಗೆ ಹರಿದ ರೀಲು ಅಂಟಿಸುವ ಕೆಲಸ ಹಿಡಿದದ್ದು ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಮುಗಿಸಿದರು. ತಾವಾಗಿ ಯಾರಿಗೂ ಡಬ್ಬಿಯ ವಿಷಯ ಹೇಳಲಿಲ್ಲ. ಬಾಯಿಂದ ಬಾಯಿಗೆ ಹಬ್ಬಿ ಒಬ್ಬೊಬ್ಬರೇ ಬರತೊಡಗಿದರು. ಯಾರದೋ ವಿಧವೆ, ಯಾರದೋ ಮಗ. ಬಂದವರನ್ನು ಕಿಟಕಿಯ ಬಳಿ ಕೂರಿಸಿ, ಕೈಗೆ ಭೂತಗನ್ನಡಿ ಕೊಟ್ಟು, ತುಂಡುಗಳನ್ನು ಬೆಳಕಿಗೆ ಹಿಡಿಯುತ್ತಾರೆ. ಮುಖ ಸಿಕ್ಕರೆ ಫೋಟೋ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಕೊಡುತ್ತಾರೆ. ಸಿಗದೆ ಹೋದವರೇ ಹೆಚ್ಚು.

ಈಗ ಗಂಡಾಂತರ ಬಂದಿರುವುದು ಈ ಡಬ್ಬಿಗಳಿಗೆ. ಹಳೆಯ ಚಿತ್ರಗಳನ್ನು ಕಾಯುವ ಸರ್ಕಾರಿ ಕಚೇರಿಯೊಂದು ನೋಟಿಸು ಕಳಿಸಿದೆ. ತುಂಡುಗಳು ಸಾರ್ವಜನಿಕ ಆಸ್ತಿ, ಬರುವ ಗುರುವಾರ ವಶಕ್ಕೆ ತೆಗೆದುಕೊಳ್ಳುತ್ತೇವೆ, ಅಡ್ಡಿ ಮಾಡಿದರೆ ಕಳ್ಳತನದ ಮೊಕದ್ದಮೆ. ಕಚೇರಿಯವರ ಮಾತಿನಲ್ಲೂ ನ್ಯಾಯವಿದೆ ಎಂದು ನಾನು ಹೇಳಿದೆ. ಅಲ್ಲಿ ತಣ್ಣನೆಯ ಕೋಣೆಗಳಿವೆ, ಇಲ್ಲಿ ಒದ್ದೆ ಟವೆಲು. ಡೋನಾ ಜುಲ್ಮಿರಾ ಅಂಟಿನ ಬಾಟಲಿಯ ಬಿರಡೆ ಬಿಗಿದರು.

"ಕೊಡಲ್ಲ ಅಂತ ಯಾರಂದ್ರು? ಕೇಳ್ಕೊಂಡು ಬರೋರೆಲ್ಲ ನೋಡಿಯಾಗಲಿ, ಆಮೇಲೆ ಕೊಡ್ತೀನಿ. ಅಲ್ಲಿ ಒಳಗೆ ಬಿಡಬೇಕಾದ್ರೆ ಅರ್ಜಿ ಬೇಕು, ಕಾರಣ ಬರೀಬೇಕು. ಅಪ್ಪನ ಮುಖ ನೋಡಬೇಕು ಅನ್ನೋದನ್ನ ಯಾವ ಕಾರಣ ಅಂತ ಬರೀತಾರೆ ಅವರು?"

ನನ್ನನ್ನು ಬರಗೊಟ್ಟದ್ದೂ ಇದಕ್ಕೇ, ಪತ್ರಿಕೆಯಲ್ಲಿ ಬಂದರೆ ಕಚೇರಿಯವರು ಸ್ವಲ್ಪ ಹಿಂದೆಮುಂದೆ ನೋಡಿಯಾರು ಎಂದು. ಹಾಗೆಂದು ನನ್ನ ಮೇಲೆ ನಂಬಿಕೆ ಹುಟ್ಟಿತ್ತು ಎಂದೇನಲ್ಲ. ನೀನೂ ಕತ್ತರಿಯವರ ಪೈಕಿಯೇ, ನಾನು ಹೇಳಿದ್ದರಲ್ಲಿ ಏನೇನು ಕತ್ತರಿಸುತ್ತೀಯೋ ಅದನ್ನು ವಾಪಸ್ ತಂದು ನನಗೆ ಕೊಡಬೇಕು ಎಂದು ಮಾತು ತೆಗೆದುಕೊಂಡೇ ಗೇಟಿನ ಬೀಗ ತೆಗೆದರು.

ಬಸ್ಸಿನಲ್ಲಿ ಬರುವಾಗ ನನ್ನ ಕೆಟ್ಟ ಗುಣ ಮತ್ತೆ ಕೆಲಸ ಶುರುಮಾಡಿತು. ಕತ್ತರಿಯವನು ಸತ್ತಿದ್ದಾನೆ. ಶೆಡ್ಡು ಬಿದ್ದಿದೆ. ಇದನ್ನೆಲ್ಲ ಹೌದು ಎನ್ನುವವರು ಯಾರು? ಕಣ್ಣೀರು ತರಿಸುವ ಕಥೆ ಕಟ್ಟಿದರೆ ಮೊಕದ್ದಮೆಯಿಂದ ಪಾರಾಗಬಹುದೆಂದು ಯಾರಿಗೆ ತಾನೆ ಗೊತ್ತಿಲ್ಲ? ಒರೆಗೆ ಹಚ್ಚಲು ಮನೆಯಲ್ಲೇ ಒಬ್ಬನಿದ್ದ. ಅಪ್ಪ ನಿಜವಾಗಿ ಅಲ್ಲಿದ್ದವನಾದರೆ ಇವರ ಸುಳ್ಳು ಹಿಡಿಯುತ್ತಾನೆ, ಇಲ್ಲವಾದರೆ ಇವರು ಅಪ್ಪನ ಸುಳ್ಳು ಹಿಡಿಯುತ್ತಾರೆ. ಎರಡರಲ್ಲಿ ಒಂದು ಇತ್ಯರ್ಥವಾಗುತ್ತದೆ ಎಂದುಕೊಂಡೆ.

ಬಂಡೆರಾಂತೆಯ ಫಿಲ್ಮ್ ಶೆಡ್ಡು ಎಂದ ಕೂಡಲೇ ಅಪ್ಪ ರೇಡಿಯೋದ ದನಿ ಏರಿಸಿದ. ಆ ಜಾಗಕ್ಕೆ ನಾನು ಬರುವುದಿಲ್ಲ ಎಂದ. ಸರಿ, ಸಿಕ್ಕಿಬಿದ್ದ ಎಂದೇ ನಾನು ಎಣಿಸಿದೆ. ಆದರೆ ಮರುದಿನ ಸಂಜೆ ನೋಡಿದರೆ ಇಸ್ತ್ರಿ ಪೆಟ್ಟಿಗೆ ಹಿಡಿದು ತನ್ನ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತಿದ್ದ. ನನ್ನನ್ನು ಕಂಡು, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಕೇಳಿದ.

ಶುಕ್ರವಾರ ಮುಂಜಾನೆ ಡೋನಾ ಜುಲ್ಮಿರಾ ಅವನ ಗುರುತಿನ ಚೀಟಿಯನ್ನೂ ಕೇಳಿದರು. ಅಪ್ಪ ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಗೇಟಿನ ಕಂಬಿಗಳ ನಡುವಿಂದ ಅವರ ಮುಖವನ್ನೇ ನೋಡುತ್ತ ನಿಂತಿದ್ದ.

"ಪೊರಕೆ ಹಿಡ್ಕೊಂಡು ಬಾಗಿಲಿಗೆ ಬರ್ತಿದ್ದ ಹುಡುಗಿ ನೀವೇ ತಾನೆ?" ಎಂದ. "ಮೂರು ಭಾನುವಾರ ಬಂದೆ. ಮೂರು ಸಲಾನೂ ಮುಂದಿನ ವಾರ ಅಂದ್ರಿ. ನಾಲ್ಕನೇ ಸಲ ಬರೋಕೆ ನಾಚಿಕೆ ಆಯ್ತು."

ಅವರು ಕೈಯಲ್ಲಿದ್ದ ಬೀಗವನ್ನು ನೋಡಿಕೊಂಡರು. "ಬಂದಿದ್ರೂ ಅದನ್ನೇ ಹೇಳ್ತಿದ್ದೆ, ಸ್ವಾಮಿ," ಎಂದರು.

ಈ ಮಾತನ್ನು ನಾನು ಅಪ್ಪನಿಗೆ ಹೇಳಿಕೊಟ್ಟಿರಲಿಲ್ಲ. ಪೊರಕೆಯ ವಿಷಯ, ಮುಂದಿನ ವಾರದ ವಿಷಯ, ಯಾವುದರ ಬಗ್ಗೆಯೂ ನಾನು ಬಾಯಿ ಬಿಟ್ಟಿರಲಿಲ್ಲ. ನನ್ನ ಅನುಮಾನದ ಕಾಲು ಮುರಿದದ್ದು ಆ ಗೇಟಿನ ಮುಂದೆ. ಒಂದೇ ಏಟಿಗೆ ಇಬ್ಬರೂ ನಿಜವಾದರು, ನಾನೊಬ್ಬನೇ ಪೆಚ್ಚಾಗಿ ನಿಂತೆ.

ಒಳಗೆ ಕಾಫಿ ಬಂತು, ಬಿಸಿ ಚೀಸ್ ಉಂಡೆಗಳು ಬಂದವು. ಅಪ್ಪ ಮುಟ್ಟಲಿಲ್ಲ. ಎಲ್ಲಿ ನಿಂತಿದ್ದಿರಿ, ಯಾರ ಜೊತೆ ಎಂದು ಡೋನಾ ಜುಲ್ಮಿರಾ ಕೇಳುತ್ತ ಹೋದರು. ಸಂಸತ್ತಿನ ಅವಳಿ ಕಟ್ಟಡದ ಪಾಯದ ಹತ್ತಿರ ಎಂದ ಅಪ್ಪ. ಜೊತೆಗಿದ್ದವನು ದಮಸ್ಸೆನೊ, ಪಿಯಾವಿಯಲ್ಲಿ ಅವನ ಊರಿನವನೇ. ಹೊರೆ ಹೊತ್ತು ಹೊತ್ತು ಒಂದು ಹೆಗಲು ತಗ್ಗಾಗಿತ್ತು. ಆ ಚಿತ್ರದವರು ಬಂದುಹೋದ ಕೆಲವೇ ದಿನಕ್ಕೆ ದಮಸ್ಸೆನೊ ಸಾರುವೆಯಿಂದ ಬಿದ್ದು ಸತ್ತ. ಮಗನ ಒಂದು ಫೋಟೋ ಇದ್ದರೆ ಕಳಿಸಿಕೊಡಪ್ಪ ಎಂದು ಅವನ ತಾಯಿ ಬರೆಸಿ ಕಳಿಸಿದ್ದಳು. ಮೂರು ಭಾನುವಾರ ಶೆಡ್ಡಿನ ಬಾಗಿಲಿಗೆ ಹೋದದ್ದು ಅದಕ್ಕೆ. ಫೋಟೋ ಸಿಗಲಿಲ್ಲ ಎಂದು ಬರೆಯಲಾರದೆ ಅಪ್ಪ ಆ ತಾಯಿಗೆ ಕಾಗದವನ್ನೇ ಹಾಕಲಿಲ್ಲ.

ಇದನ್ನೆಲ್ಲ ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪ್ರತಿ ಏಪ್ರಿಲ್‌ನಲ್ಲಿ ಹೇಳುತ್ತಲೇ ಇದ್ದೆನಲ್ಲ ಎಂದ. ಟೀವಿಯಲ್ಲಿ ತಾನು ಸಿಕ್ಕರೆ ಪಕ್ಕದಲ್ಲಿ ದಮಸ್ಸೆನೊ ಇರಲೇಬೇಕಿತ್ತು, ಹುಡುಕುತ್ತಿದ್ದದ್ದು ಅವನನ್ನೇ ಎಂದ.

ಡೋನಾ ಜುಲ್ಮಿರಾ ಡಬ್ಬಿಗಳ ಸಾಲಿನಿಂದ ಒಂದನ್ನು ಎಳೆದರು. ತಗ್ಗು ಹೆಗಲು ಅವರಿಗೆ ನೆನಪಿತ್ತು, ಹೆಸರು ಗೊತ್ತಿರಲಿಲ್ಲ. ಬೆರಳಗಲದ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಪ್ಪನ ಕೈಗೆ ಭೂತಗನ್ನಡಿ ಕೊಟ್ಟರು. ಅಪ್ಪ ತುಂಬ ಹೊತ್ತು ನೋಡಿದ. ಆಮೇಲೆ ತನ್ನ ಟೋಪಿಯನ್ನು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ.

"ದಮಸ್ಸೆನೊ," ಎಂದ. ಅವನ ಹೆಸರು ಹಿಡಿದು ಕರೆದ ಹಾಗಿತ್ತು.

ನಾನೂ ನೋಡಿದೆ. ಇಪ್ಪತ್ತರ ಹುಡುಗ. ಕೊರಳಿನ ಗುಂಡಿ ಹಾಕಿದ್ದಾನೆ, ಟೋಪಿಯನ್ನು ಎದೆಗೊತ್ತಿ ಹಿಡಿದಿದ್ದಾನೆ, ಉಸಿರು ಬಿಗಿಹಿಡಿದು ನೇರ ನನ್ನನ್ನೇ ನೋಡುತ್ತಿದ್ದಾನೆ. ಅವನ ಹಿಂದೆ ಊರು ಇನ್ನೂ ಕಬ್ಬಿಣದ ಸರಳು. ಈ ಊರಿನಲ್ಲೇ ಹುಟ್ಟಿ, ಇದರ ಚಿತ್ರಗಳನ್ನು ನೋಡಿ ನೋಡಿ ಬೇಸತ್ತವನು ನಾನು. ಇದನ್ನು ಕಟ್ಟಿದವನೊಬ್ಬ ನನ್ನನ್ನು ತಿರುಗಿ ನೋಡಿದ್ದು ಅದೇ ಮೊದಲು. ನನಗೆ ತುಂಬ ನಾಚಿಕೆಯಾಯಿತು.

ಚೌಕಟ್ಟಿನ ಅಂಚಿನಲ್ಲಿ ಪಕ್ಕದವನ ಮೊಣಕೈ ಮತ್ತು ಅರ್ಧ ಟೋಪಿ ಮಾತ್ರ ಕಾಣುತ್ತಿತ್ತು. "ಈ ಮೊಣಕೈ ನಂದು," ಎಂದ ಅಪ್ಪ. ಇಷ್ಟು ವರ್ಷ ಬೆನ್ನುಗಳಾಯಿತು, ಈಗ ಮೊಣಕೈ. ಅದು ಅವನದೇ ಎಂದು ನಾನು ಪ್ರಮಾಣ ಮಾಡಲಾರೆ. ಅನುಮಾನಪಡಲೂ ಮನಸ್ಸು ಬರಲಿಲ್ಲ.

ಇದರ ಹಿಂದಿನ ತುಂಡು ಇನ್ನೊಂದು ಡಬ್ಬಿಯಲ್ಲಿರಬೇಕು ಎಂದರು ಡೋನಾ ಜುಲ್ಮಿರಾ. ಆ ಡಬ್ಬಿಯ ತುಂಡುಗಳು ಒಂದಕ್ಕೊಂದು ಅಂಟಿಕೊಂಡಿವೆ, ತೇವ ಕೊಟ್ಟು ನಿಧಾನವಾಗಿ ಬಿಡಿಸಬೇಕು, ಇವತ್ತಿಗೆ ಆಗುವ ಕೆಲಸವಲ್ಲ. "ನೀವು ಮುಂದಿನ ವಾರ..." ಎಂದು ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಅಪ್ಪ ಎರಡು ಕ್ಷಣ ಅವರನ್ನು ನೋಡಿದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. ತಟ್ಟೆಯಿಂದ ಒಂದು ಚೀಸ್ ಉಂಡೆ ತೆಗೆದುಕೊಂಡ.

ನಿನ್ನೆ, ಶನಿವಾರ, ನಾನು ಒಬ್ಬನೇ ಮತ್ತೆ ಹೋದೆ. ಸಂಪಾದಕರು ಈ ಬರಹದಿಂದ ಕತ್ತರಿಸಿದ ಹಾಳೆಗಳನ್ನು ಕೊಟ್ಟ ಮಾತಿನಂತೆ ತೆಗೆದುಕೊಂಡು ಹೋಗಿದ್ದೆ. ಅವರ ಅಣ್ಣನ ವಿಷಯ, ಶಾಲೆಯ ಅಡುಗೆಮನೆಯ ಜಗಳಗಳು, ಲಿಂಡೊಲ್ಫೊನ ಅಂಗಡಿಯ ಬಗ್ಗೆ ಅವರಾಡಿದ, ಅಚ್ಚು ಹಾಕಲಾಗದ ಒಂದು ಮಾತು. ಡೋನಾ ಜುಲ್ಮಿರಾ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು. ಒಂದು ಖಾಲಿ ಹಲ್ವ ಡಬ್ಬಿ ಹುಡುಕಿ, ಮಡಿಸಿ ಒಳಗಿಟ್ಟು, ಮುಚ್ಚಳ ಹಾಕಿದರು. ದಮಸ್ಸೆನೊನ ಫೋಟೋ ದೊಡ್ಡದಾಗಿ ಬಂದಿತ್ತು. ಪಿಯಾವಿಯಲ್ಲಿ ಅವನ ತಂಗಿ ಇನ್ನೂ ಇದ್ದಾಳೆ, ಅಪ್ಪ ವಿಳಾಸ ಹುಡುಕುತ್ತಿದ್ದಾನೆ.

ಗುರುವಾರ ಕಚೇರಿಯವರು ಬಂದು ಈ ಗೇಟಿನ ಮುಂದೆ ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಒದ್ದೆ ಟವೆಲನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದರು.

"ಏನು ಮಾಡೋದು, ಮಗನೇ? ಬಾಗಿಲಿಗೆ ಹೋಗ್ತೀನಿ, ಮುಂದಿನ ವಾರ ಬನ್ನಿ ಅಂತೀನಿ. ಆ ಮಾತು ಹೇಳೋದು ನನಗೆ ಚೆನ್ನಾಗಿ ಬರತ್ತೆ."